ಕೀಬೋರ್ಡಿನ ಮೇಲೆ ಮಾತ್ರ ಮುದುಡುವ ಬೆರಳುಗಳು

ಟೈಪ್ ಮಾಡಲು ಕುಳಿತರೆ ನನ್ನ ಬಲಗೈಯ ಕೊನೆಯ ಎರಡು ಬೆರಳುಗಳು ತಾವಾಗಿಯೇ ಅಂಗೈಯೊಳಗೆ ಮುದುಡಿಕೊಳ್ಳುತ್ತವೆ. ತೆಂಗಿನಕಾಯಿ ತುರಿಯುವಾಗ ಅವು ಸರಿಯಾಗಿರುತ್ತವೆ. ಬಟ್ಟೆ ಹಿಂಡುವಾಗ, ಜಡೆ ಹೆಣೆಯುವಾಗ, ಬಸ್ಸಿನ ಕಂಬಿ ಹಿಡಿದು ನಿಲ್ಲುವಾಗ ಏನೂ ಆಗುವುದಿಲ್ಲ. ಕೀಲಿಗಳ ಮೇಲೆ ಕೈ ಇಟ್ಟ ಕೂಡಲೇ ಯಾರೋ ಒಳಗಿನಿಂದ ದಾರ ಎಳೆದ ಹಾಗೆ ಮಡಚಿ ಹೋಗುತ್ತವೆ. ಕೆಲಸದ ಹೊತ್ತಿಗೆ ಮಾತ್ರ ಬರುವ ಕಾಯಿಲೆಯನ್ನು ಯಾರು ನಂಬುತ್ತಾರೆ? ಬಹಳ ಕಾಲ ನಾನೇ ನಂಬಿರಲಿಲ್ಲ.

ನಾನು ಮೆಲ್ಕಾರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಟೀಚರ್ ಆಗಿದ್ದೆ. ಮನೆ ಸಿದ್ಧಕಟ್ಟೆಯಲ್ಲಿ. ಗಂಡ ದಾಮೋದರ ಅಲ್ಲೇ ಪೇಟೆಯಲ್ಲಿ ಟೈಲರ್. ಬೆಳಗ್ಗೆ ಅವರು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ನಾನು ಬಸ್ ಹತ್ತುತ್ತಿದ್ದೆ. ಗಲ್ಫಿಗೆ ಹೋಗುವ ಹುಡುಗರು, ಕೋರ್ಟಿನಲ್ಲಿ ಕೆಲಸದ ಆಸೆಯಿರುವ ಹುಡುಗಿಯರು, ಮದುವೆಯಾಗುವ ತನಕ ಏನಾದರೂ ಕಲಿಯಲಿ ಎಂದು ಅಪ್ಪಂದಿರು ಕಳಿಸಿದವರು, ಎಲ್ಲರೂ ನನ್ನ ಕೈ ಕೆಳಗೆ ಕಲಿತರು. ನಾನು ಬಹಳ ಖಡಕ್ ಎಂದು ಹೆಸರಿತ್ತು. ಪ್ರತಿ ಬೆರಳಿಗೂ ಅದರದೇ ಜಾಗ ಉಂಟು, ಜಾಗ ಬಿಟ್ಟ ಬೆರಳು ಕೆಟ್ಟಿತು ಎಂದು ಹೊಸಬರಿಗೆಲ್ಲ ಹೇಳುತ್ತಿದ್ದೆ. ಕಣ್ಣು ಕಾಗದದ ಮೇಲೆಯೇ ಇರಬೇಕು, ಕೀಲಿಯ ಕಡೆ ನೋಡಬಾರದು.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಇನ್‌ಸ್ಟಿಟ್ಯೂಟಿಗೆ ಕಂಪ್ಯೂಟರ್‌ಗಳು ಬಂದವು. ಟೈಪ್‌ರೈಟರ್‌ಗಳನ್ನು ಗೋಡೆಯ ಬದಿಗೆ ಸರಿಸಿದೆವು. ಹಗಲೆಲ್ಲ ಕಲಿಸಿ, ಸಂಜೆ ಬಯೋಡೇಟಾ, ಅರ್ಜಿ, ಕಾಲೇಜಿನ ಪ್ರಾಜೆಕ್ಟ್ ಎಂದು ಟೈಪ್ ಮಾಡಿಕೊಡುತ್ತಿದ್ದೆ. ಆಗಲೇ ಕಿರುಬೆರಳು ತಪ್ಪಲು ಶುರುವಾದದ್ದು. ಮೊದಲು ದಣಿವು ಎಂದುಕೊಂಡೆ. ತಪ್ಪನ್ನು ಅಳಿಸಿ ಮುಂದೆ ಹೋಗುತ್ತಿದ್ದೆ. ನಂತರ ಉಂಗುರದ ಬೆರಳೂ ಅದರ ಜೊತೆ ಸೇರಿತು. ಹೆಚ್ಚು ಅಭ್ಯಾಸ ಮಾಡಿದರೆ ಸರಿಯಾಗುತ್ತದೆಂದು ಮಧ್ಯಾಹ್ನದ ಊಟ ಬಿಟ್ಟು ಅಭ್ಯಾಸ ಮಾಡಿದೆ. ಮಾಡಿದಷ್ಟೂ ಹೆಚ್ಚಾಯಿತು.

ಒಂದು ದಿನ ಹೊಸ ಬ್ಯಾಚಿಗೆ ಮೊದಲ ಪಾಠ. ನಾನು ಮಾಡಿ ತೋರಿಸಬೇಕು, ಅವರು ಸುತ್ತ ನಿಂತು ನೋಡಬೇಕು. ಎಡಗೈ ಸರಿಯಾಗಿ ಹೋಯಿತು. ಬಲಗೈ ಇಟ್ಟ ಕೂಡಲೇ ಎರಡು ಬೆರಳುಗಳು ಒಳಗೆ ಮಡಚಿಕೊಂಡವು. ಬಿಡಿಸಿ ಮತ್ತೆ ಇಟ್ಟೆ. ಮತ್ತೆ ಮಡಚಿದವು. ಪರದೆಯ ಮೇಲೆ ಪೂರ್ಣವಿರಾಮಗಳ ಸಾಲು. ಯಾರೂ ನಗಲಿಲ್ಲ. ಮುಂದೆ ನಿಂತಿದ್ದ ಒಬ್ಬಳು ತಲೆ ತಗ್ಗಿಸಿ ತನ್ನ ಕೈಗಳನ್ನು ನೋಡಿಕೊಂಡಳು. ನಕ್ಕಿದ್ದರೆ ಗದರಿಸಬಹುದಿತ್ತು. ಕೈ ಜೋಮು ಹಿಡಿದಿದೆ ಎಂದು ಹೇಳಿ ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಮರುದಿನ ಬಸ್ ಸ್ಟ್ಯಾಂಡಿನ ಮೆಡಿಕಲ್‌ನಿಂದ ಕ್ರೇಪ್ ಬ್ಯಾಂಡೇಜ್ ತೆಗೆದುಕೊಂಡು ಮಣಿಕಟ್ಟಿಗೆ ಸುತ್ತಿಕೊಂಡೆ. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಎಲ್ಲರಿಗೂ ಹೇಳಿದೆ. ಬಿದ್ದ ಕೈ ಎಂದರೆ ಜನರಿಗೆ ಅರ್ಥವಾಗುತ್ತದೆ. ಕಂಡಕ್ಟರ್ ಸೀಟು ಮಾಡಿಕೊಟ್ಟ. ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಮಾಸ್ಟ್ರು, "ರೆಸ್ಟ್ ಮಾಡಿ ಟೀಚರ್, ಅವಸರ ಎಂತ ಉಂಟು" ಎಂದರು. ಆ ಬ್ಯಾಂಡೇಜನ್ನು ಎಷ್ಟೋ ತಿಂಗಳು ಕಟ್ಟಿಕೊಂಡೇ ತಿರುಗಿದೆ. ಮನೆಯಲ್ಲಿ ಬಿಚ್ಚುವುದು, ಬಸ್ ಹತ್ತುವ ಮೊದಲು ಕಟ್ಟುವುದು. ಅದನ್ನು ಕಟ್ಟಿಕೊಳ್ಳುವಾಗ ಕನ್ನಡಿಯ ಎದುರು ಮಾತ್ರ ನಿಲ್ಲುತ್ತಿರಲಿಲ್ಲ.

ಗಂಡನಿಗೆ ವಿಷಯ ಗೊತ್ತಿತ್ತು. ಅತ್ತೆಗೆ ಅರ್ಧ ಗೊತ್ತಿತ್ತು. "ಅಕ್ಕಿ ಆರಿಸುವಾಗ ಏನಿಲ್ಲ, ಮೀನು ಕೊಯ್ಯುವಾಗ ಏನಿಲ್ಲ. ಕೆಲಸಕ್ಕೆ ಹೋದ ಮೇಲೆಯೇ ಬರುವುದಂದರೆ ಅದೆಂತ ಕಾಯಿಲೆ?" ಎಂದು ಅವರು ಕೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು.

ಬೆಳ್ತಂಗಡಿಯಲ್ಲಿ ನನ್ನ ಅಕ್ಕ ಶಶಿಕಲಾಳ ಮನೆ. ಅವಳು ತನಗೆ ಪರಿಚಯದ ಡಾಕ್ಟರರ ಬಳಿ ಕರೆದುಕೊಂಡು ಹೋದಳು. ಅವರು ಮೊಣಕೈ ತಟ್ಟಿ, ಬೆರಳು ಎಳೆದು, ವಿಟಮಿನ್ ಮಾತ್ರೆ ಕೊಟ್ಟರು. ಆಮೇಲೆ ಎಲುಬಿನ ಡಾಕ್ಟರು. ಎಕ್ಸ್‌ರೇ ಸರಿಯಾಗಿಯೇ ಇತ್ತು. ಆಮೇಲೆ ಮೂಡುಬಿದಿರೆಯಲ್ಲಿ ಎಣ್ಣೆ ತಿಕ್ಕಿಸಿಕೊಂಡೆ. ಕೈ ಬೆಚ್ಚಗಾಯಿತು, ಮೈಯೆಲ್ಲ ಎಣ್ಣೆಯ ವಾಸನೆ, ಬೆರಳು ಮಾತ್ರ ಹಾಗೆಯೇ. ಇನ್ನೊಬ್ಬ ಡಾಕ್ಟರು ಎಲ್ಲ ಕೇಳಿಸಿಕೊಂಡು, ನನ್ನನ್ನು ಬಿಟ್ಟು ಗಂಡನ ಮುಖ ನೋಡಿ, "ಮನೆಯಲ್ಲಿ ಏನಾದ್ರೂ ಟೆನ್ಶನ್ ಉಂಟಾ?" ಎಂದರು.

"ಎಂತದ್ದೂ ಇಲ್ಲ ಡಾಕ್ಟ್ರೇ," ಎಂದರು ಇವರು.

"ಮಕ್ಕಳಿಲ್ಲ ಅಲ್ವಾ? ಕೆಲವು ಸಲ ಹಾಗೆ ಆಗ್ತದೆ. ಮನಸ್ಸಿನದ್ದು ಕೈಯಲ್ಲಿ ಬರ್ತದೆ."

ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಬೆಂಚಿನಲ್ಲಿ ಕುಳಿತವರೆಲ್ಲ ಕೇಳಿದರೆಂದು ನನಗೆ ಖಾತ್ರಿ. ಹೊರಗೆ ಬಂದಾಗ ಒಬ್ಬ ಮುದುಕಿ ತನ್ನ ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡು, "ಕೂತ್ಕೋ ಮಗಾ, ಮದ್ದು ಕೊಡುವವ ಈಗ ಬರ್ತಾನೆ" ಎಂದು ಜಾಗ ಮಾಡಿಕೊಟ್ಟಳು. ಅವಳಿಗೆ ನನ್ನ ಕೈಯ ವಿಷಯ ಬೇಕಿರಲಿಲ್ಲ. ಆ ದಿನ ನನಗೆ ಸಿಕ್ಕಿದ ಮದ್ದು ಅದೊಂದೇ.

ಕೊನೆಗೆ ಮಂಗಳೂರಿನಲ್ಲಿ ನರದ ಡಾಕ್ಟರೊಬ್ಬರು ನನ್ನ ಮಾತು ಕೇಳಿ, ಸಹಾಯಕಿಯನ್ನು ಕರೆದು ಹೊರಗಿನ ಕೌಂಟರಿನ ಕೀಬೋರ್ಡನ್ನು ತರಿಸಿದರು. ಅದರ ವಯರ್ ಯಾವುದಕ್ಕೂ ಜೋಡಿಸಿರಲಿಲ್ಲ. ಮೇಜಿನ ಮೇಲಿಟ್ಟು, "ನಿಮ್ಮ ಹೆಸರು ಹೊಡೀರಿ" ಎಂದರು. ವಾರಿಜ ಎಂದು ಹೊಡೆಯಲು ಹೋದೆ. ಬೆರಳು ಮಡಚಿತು. ಅವರು ಬಗ್ಗಿ ನೋಡಿದರು. "ಇನ್ನೊಮ್ಮೆ." ಮತ್ತೆ ಮಡಚಿತು.

"ಇದಕ್ಕೆ ಹೆಸರುಂಟಮ್ಮ. ಡಿಸ್ಟೋನಿಯ. ವೀಣೆ ನುಡಿಸುವವರಿಗೆ ಬರ್ತದೆ, ಬರೆಯುವವರಿಗೆ ಬರ್ತದೆ. ಯಾವ ಕೆಲಸ ಬೆರಳಿಗೆ ಹೆಚ್ಚು ಗೊತ್ತುಂಟೋ ಆ ಕೆಲಸದಲ್ಲೇ ಬರುವುದು."

ನಾನು ಅಳಲು ಶುರು ಮಾಡಿದೆ. ಅವರು ಹೆದರಿಕೆಯಿಂದ ಅಳುತ್ತಿದ್ದೇನೆ ಎಂದುಕೊಂಡು ಸಮಾಧಾನ ಹೇಳಿದರು. ಪೂರ್ತಿ ಗುಣವಾಗುವುದು ಕಡಿಮೆ, ಆದರೆ ಜೀವಕ್ಕೇನೂ ಅಪಾಯವಿಲ್ಲ ಎಂದರು. ಇದಕ್ಕೊಂದು ಹೆಸರಿದೆ ಎಂಬುದಕ್ಕೇ ನಾನು ಅಳುತ್ತಿದ್ದೆ.

ಮೊಣಕೈಯ ಕೆಳಗೆ ಇಂಜೆಕ್ಷನ್ ಚುಚ್ಚಿ ಆ ಸ್ನಾಯುಗಳನ್ನು ಸಡಿಲ ಮಾಡುವ ಚಿಕಿತ್ಸೆ ಶುರುವಾಯಿತು. ಸಡಿಲ ಹೌದು, ಎಷ್ಟು ಸಡಿಲವಾಯಿತೆಂದರೆ ಅಕ್ಕನ ಮಗಳ ಮದುವೆಯ ಊಟದಲ್ಲಿ ಬೆಳ್ತಂಗಡಿಯ ಸಭಾಭವನದಲ್ಲಿ ಎಲೆಯ ಮುಂದೆ ಕುಳಿತಾಗ, ಸಾರು ಕಲಸಿದ ಅನ್ನ ಬೆರಳ ಸಂದಿಯಿಂದ ಸೋರಿ ಸೀರೆಯ ಮೇಲೆ ಬಿತ್ತು. ಮತ್ತೆ ತುತ್ತು ಮಾಡಿದೆ, ಮತ್ತೆ ಬಿತ್ತು. ಎದುರು ಸಾಲಿನಲ್ಲಿ ಅಕ್ಕನ ಅತ್ತೆಯ ಕಡೆಯವರು. ಅಷ್ಟರ ತನಕ ಊಟದ ಹೊತ್ತಿಗೆ ನನ್ನ ಕೈ ಎಲ್ಲರ ಕೈಯಂತೆಯೇ ಇತ್ತು. ಗುಣವಾಗಲೆಂದು ಮಾಡಿಸಿಕೊಂಡದ್ದು ಇನ್ನೊಂದು ನಾಚಿಕೆಯನ್ನು ತಂದಿಟ್ಟಿತು. ಪಾಯಸ ಬರುವ ಮೊದಲೇ ಎಲೆ ಮಡಚಿದೆ. ಆಮೇಲೆ ಇಂಜೆಕ್ಷನಿಗೆ ಹೋಗುವುದನ್ನು ನಿಲ್ಲಿಸಿದೆ. ಕೆಲವು ತಿಂಗಳಲ್ಲಿ ಊಟದ ಕೈ ಮರಳಿ ಬಂತು, ಅದರ ಜೊತೆಗೆ ಮುದುಡುವುದೂ.

ಇನ್‌ಸ್ಟಿಟ್ಯೂಟಿನಲ್ಲಿ ಮಾಸ್ಟ್ರು ನನ್ನನ್ನು ಬಿಡಿಸಲಿಲ್ಲ. "ಟೀಚರ್, ನೀವು ಅಡ್ಮಿಷನ್ ನೋಡಿಕೊಳ್ಳಿ. ಕ್ಲಾಸು ಹೊಸ ಹುಡುಗಿ ಮಾಡ್ತಾಳೆ" ಎಂದರು. ಅವರು ಅದನ್ನು ದಯೆಯಿಂದಲೇ ಹೇಳಿದರು. ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ಒಳಗಿನ ಕೀಲಿಗಳ ಸದ್ದು ಕೇಳುತ್ತಿದ್ದೆ. ಯಾವ ಸದ್ದು ತಪ್ಪಿನದ್ದೆಂದು ನೋಡದೆಯೇ ನನಗೆ ತಿಳಿಯುತ್ತಿತ್ತು. ಒಳಗೆ ಹೋಗಿ ತಿದ್ದುವ ಧೈರ್ಯ ಇರಲಿಲ್ಲ.

ಆ ಕಾಲದಲ್ಲಿ ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮೈಮೂನ ಸಿಕ್ಕಿದಳು. ಪಾಣೆಮಂಗಳೂರಿನವಳು, ನನ್ನ ಹಳೆಯ ವಿದ್ಯಾರ್ಥಿನಿ, ಈಗ ಮೂಡುಬಿದಿರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲೆಕ್ಚರರ್. "ಕೈಗೆ ಎಂತ ಆಯ್ತು ಟೀಚರ್?" ಎಂದು ಕೇಳಿದಳು. ಬಿದ್ದೆ ಎಂದೆ.

"ಹೋದ ರಂಝಾನಿಗೂ ಇದೇ ಬ್ಯಾಂಡೇಜ್ ಇತ್ತಲ್ವಾ? ನಾನು ಬಸ್ಸಿಂದ ನೋಡಿದ್ದೇನೆ."

ಏನಾದರೂ ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ. ಬರಲಿಲ್ಲ. ಬ್ಯಾಂಡೇಜ್ ಬಿಚ್ಚಿ ಅವಳ ಚೀಲದ ಮೇಲೆ, ಕೀಬೋರ್ಡಿನ ಮೇಲೆ ಇಟ್ಟ ಹಾಗೆ, ಕೈ ಇಟ್ಟು ತೋರಿಸಿದೆ. ಚೀಲದ ಮೇಲೆ ಏನೂ ಆಗಲಿಲ್ಲ. ಅದೇ ನೋಡು ಇದರ ಅವಮಾನ, ಎಂದೆ.

"ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರ್ತದೆ. ನೀವು ಮೂಡುಬಿದಿರೆಗೆ ಬನ್ನಿ," ಎಂದಳು.

ಹೋದೆ. ಅವಳ ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಎಂಬ ಬೇರೆ ಬಗೆಯ ಸಾಫ್ಟ್‌ವೇರ್ ಇತ್ತು. ನಾನು ಅದನ್ನು ನೋಡಿದ್ದು ಅದೇ ಮೊದಲು. ಅವಳು ಪರದೆಯ ಮೇಲೆ ಒಂದು ಸಣ್ಣ ಬಿಳಿ ಚೌಕ ತೆರೆದಳು. ಯಾವ ಕೀಲಿ ಒತ್ತಿದರೂ ಪಕ್ಕದಲ್ಲಿ ಅದರ ಸಂಖ್ಯೆ ಬರುತ್ತಿತ್ತು, ಒತ್ತಿದ್ದು ಒಂದು ಸಾಲು, ಬಿಟ್ಟದ್ದು ಇನ್ನೊಂದು ಸಾಲು. "ಏನಾದ್ರೂ ಹೊಡೀರಿ, ನಾನು ಆಚೆ ನೋಡ್ತೇನೆ," ಎಂದು ನಿಜವಾಗಿಯೂ ಕಿಟಕಿಯ ಕಡೆ ತಿರುಗಿ ನಿಂತಳು.

ನನಗೆ ಬೇಕಾದ ಕೀಲಿಗಳ ಸಾಲುಗಳ ನಡುವೆ ಬೇಡದ ಕೀಲಿಗಳ ಸಾಲುಗಳು ಬರುತ್ತಾ ಹೋದವು. ಬೆರಳು ಮಡಚುವಾಗ ಕೆಳಸಾಲಿನ ಪೂರ್ಣವಿರಾಮಕ್ಕೆ ತಾಗುತ್ತಿತ್ತು, ತಾಗಿ ಅಲ್ಲೇ ಕುಳಿತಿರುತ್ತಿತ್ತು. ಎಷ್ಟೋ ಡಾಕ್ಟರರ ಎದುರು ವಿವರಿಸಲು ಆಗದಿದ್ದುದು ಅಲ್ಲಿ ಸುಮ್ಮನೆ ಬರೆದುಕೊಂಡಿತ್ತು. ಆ ಯಂತ್ರ ನನ್ನ ಮನೆಯಲ್ಲಿ ಟೆನ್ಶನ್ ಉಂಟಾ ಎಂದು ಕೇಳಲಿಲ್ಲ.

ಮೈಮೂನ ಬಂದು ಸಾಲುಗಳನ್ನು ಓದಿದಳು. "ಟೀಚರ್, ಈ ಎರಡು ಬೆರಳಿಗೆ ರಜೆ ಕೊಡುವ. ಅವುಗಳ ಕೀಲಿಗಳನ್ನು ಎಡಗೈಗೆ ತಂದುಬಿಡುವ."

"ಅಂದರೆ?"

"ಇದರಲ್ಲಿ ಯಾವ ಕೀಲಿಗೆ ಯಾವ ಅಕ್ಷರ ಅಂತ ನಾವೇ ಹೇಳಬಹುದು. ಒಂದು ಕೀಲಿ ಅದುಮಿ ಹಿಡಿದು ಡಬ್ಲ್ಯು ಹೊಡೆದರೆ ಓ ಬರುವ ಹಾಗೆ. ಎಸ್ ಹೊಡೆದರೆ ಎಲ್. ಕನ್ನಡಿಯ ಹಾಗೆ."

ನನಗೆ ಸಿಟ್ಟು ಬಂತು. ಅಷ್ಟು ವರ್ಷ ಬೆರಳು ಜಾಗ ಬಿಡಬಾರದು ಎಂದು ಕಲಿಸಿದವಳು ನಾನು. ಈಗ ಬೆರಳಿಗಾಗಿ ಕೀಲಿಯ ಜಾಗವನ್ನೇ ಬದಲಾಯಿಸುವುದೆಂದರೆ ಅದು ಟೈಪಿಂಗೇ ಅಲ್ಲ, ಮೋಸ, ಎಂದೆ. ಮೈಮೂನ ವಾದ ಮಾಡಲಿಲ್ಲ. "ಆಯ್ತು, ಮೋಸ. ಒಂದು ಸಲ ಮಾಡಿ ನೋಡುವ, ಆಮೇಲೆ ಅಳಿಸುವ," ಎಂದು ಕುರ್ಚಿ ಎಳೆದು ಕುಳಿತಳು.

ಅವಳಿಗೂ ಒಂದೇ ಸಲಕ್ಕೆ ಬರಲಿಲ್ಲ. ಮೊದಲ ಶನಿವಾರ ಏನೋ ತಪ್ಪಾಗಿ ಎಲ್ಲ ಅಕ್ಷರಗಳೂ ದೊಡ್ಡಕ್ಷರಗಳಾದವು. ಇನ್ನೊಂದು ಶನಿವಾರ ಮೌಸಿನ ಬಟನ್‌ಗಳನ್ನು ಎಡಗೈಗೆ ತಿರುವಿ ಹಾಕಲು ಹೋಗಿ ಅದರ ಚಕ್ರವೇ ನಿಂತುಹೋಯಿತು. "ಅಯ್ಯೋ ಪಡೆದವನೇ," ಎಂದು ದೇವರನ್ನು ಕರೆದು ತಲೆ ಹಿಡಿದುಕೊಂಡಳು. ನಾನು ಬಹಳ ದಿನಗಳ ನಂತರ ನಕ್ಕೆ. ಕ್ಯಾಪ್ಸ್ ಲಾಕ್ ಕೀಲಿ ಅಳಿಸುವ ಕೀಲಿಯಾಯಿತು. ಓ, ಎಲ್, ಪಿ ಎಡಗೈಗೆ ಬಂದವು. ಮುದುಡಿದ ಬೆರಳು ತಾಗುವ ಪೂರ್ಣವಿರಾಮದ ಕೀಲಿಯಿಂದ ಅಕ್ಷರವನ್ನೇ ತೆಗೆದುಹಾಕಿ ಎಡಗೈಗೆ ತಂದಳು. ಬೆರಳು ಅಲ್ಲಿ ಎಷ್ಟು ಹೊತ್ತು ಕುಳಿತರೂ ಏನೂ ಮೂಡುತ್ತಿರಲಿಲ್ಲ. ಆದರೆ ಒಂದು ತೊಂದರೆ ಉಳಿಯಿತು. ಎಡಗೈಯೇ ಒಂದು ಕೀಲಿಯನ್ನು ಅದುಮಿ ಹಿಡಿದು, ಎಡಗೈಯೇ ಇನ್ನೊಂದನ್ನು ಹೊಡೆಯಬೇಕು. ಸ್ವಲ್ಪ ಹೊತ್ತಿಗೆ ಆ ಕೈಯೂ ನೋಯುತ್ತಿತ್ತು. ಅದೂ ಬಲಗೈಯ ಹಾಗೆ ಆದರೆ? ಆ ಹೆದರಿಕೆಯನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಅವಳಿಗೆ ತಿಳಿಯಿತು.

ಮುಂದಿನ ವಾರ ಅವಳು ವಿಡಿಯೊ ಗೇಮ್ ಆಡುವ ಒಂದು ಗೇಮ್‌ಪ್ಯಾಡ್ ತಂದಳು. ದುಬೈಯಲ್ಲಿರುವ ಅವಳ ಅಣ್ಣ ಮಕ್ಕಳಿಗೆಂದು ತಂದದ್ದು. ಅದರ ಮೇಲೆ ಆಚೀಚೆ ಆಡಿಸುವ ಒಂದು ಕಡ್ಡಿ ಮುರಿದಿತ್ತು, ಗುಂಡಿಗಳು ಸರಿಯಿದ್ದವು. ಅದನ್ನು ಕಂಪ್ಯೂಟರಿಗೆ ಜೋಡಿಸಿ, ಮೇಜಿನ ಕೆಳಗೆ ನೆಲದಲ್ಲಿಟ್ಟು, "ಚಪ್ಪಲಿ ಬಿಟ್ಟು ಹೆಬ್ಬೆರಳಿಂದ ಒತ್ತಿ" ಎಂದಳು.

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು ನಾವು. ಟೈಪ್‌ರೈಟರಿಗೆ ಪ್ರತಿ ವರ್ಷ ಕುಂಕುಮ ಇಟ್ಟವಳು ನಾನು. ಅಕ್ಷರವನ್ನು ಕಾಲಿನಿಂದ ಬರೆಯುವುದೆ?

"ನಂಗೂ ಗೊತ್ತುಂಟು ಟೀಚರ್," ಎಂದಳು ಮೈಮೂನ ಮೆಲ್ಲಗೆ. "ನಮ್ಮಲ್ಲೂ ಹಾಗೆಯೇ. ಕೇಳಲಿಕ್ಕೆ ನಂಗೇ ಕಷ್ಟ ಆಯ್ತು."

ಆ ಗೇಮ್‌ಪ್ಯಾಡ್ ಹಿಡಿದುಕೊಂಡು ಮನೆಗೆ ಬಂದು ಹೇಳಿದಾಗ ಅತ್ತೆ ಕೈಯಲ್ಲಿದ್ದ ಕಡೆಯುವ ಕಲ್ಲಿನ ಗುಂಡು ಬಿಟ್ಟು, "ವಿದ್ಯೆಯನ್ನು ತುಳಿಯುವುದಾ? ಬೇಡ ಮಾರಾಯ್ತಿ, ಇನ್ನೇನಾದರೂ ಬಂದೀತು" ಎಂದರು. ಗಂಡ ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದರು. ಚೊಂಬು ಕೆಳಗಿಟ್ಟು ಒಳಗೆ ಬಂದರು.

"ನಾನು ಇಡೀ ದಿನ ಎಂತ ಮಾಡುವುದಮ್ಮ? ಮೆಷೀನನ್ನು ಕಾಲಿಂದ ತುಳಿಯುವುದೇ ಅಲ್ವಾ. ಅದಕ್ಕೂ ಹೂ ಇಡ್ತೇವೆ, ಅದನ್ನೂ ತುಳಿತೇವೆ. ಅನ್ನ ಅದರಿಂದಲೇ ಬಂದದ್ದು."

ಅತ್ತೆ ಮತ್ತೆ ಗುಂಡು ತಿರುಗಿಸತೊಡಗಿದರು. ಮರುದಿನ ಗಂಡ ಅಂಗಡಿಯಲ್ಲಿ ಉಳಿದಿದ್ದ ಪ್ಯಾಂಟಿನ ಬಟ್ಟೆಯಿಂದ ಗೇಮ್‌ಪ್ಯಾಡಿಗೆ ಒಂದು ಚೀಲ ಹೊಲಿದು, ಅದನ್ನು ಹಲಗೆಗೆ ಬಿಗಿದು, ಜಾರದಂತೆ ಮಾಡಿಕೊಟ್ಟರು. ಗುಂಡಿಗಳಿಗೆ ಮಾತ್ರ ತೂತು ಬಿಟ್ಟಿದ್ದರು.

ನನ್ನ ಹೆಬ್ಬೆರಳು ಆ ಸಣ್ಣ ಗುಂಡಿಗಳಿಗೆ ದೊಡ್ಡದು. ಒಂದನ್ನು ಒತ್ತಲು ಹೋದರೆ ಮೂರು ಒತ್ತಿಹೋಗುತ್ತಿದ್ದವು. ಮೈಮೂನ ಬಲಬದಿಯ ನಾಲ್ಕು ಗುಂಡಿಗಳಿಗೂ ಒಂದೇ ಕೆಲಸ ಕೊಟ್ಟಳು. ಬಲಗಾಲು ಒತ್ತಿದರೆ ಎಡಗೈಯ ಕೀಲಿಗಳು ಬಲಗೈಯ ಅಕ್ಷರಗಳಾಗುತ್ತವೆ, ಬಿಟ್ಟರೆ ಮತ್ತೆ ಮೊದಲಿನಂತೆ. ಎಡಬದಿಯ ಗುಂಡಿಗಳು ಎಡಗಾಲಿಗೆ, ಅವು ಎಂಟರ್. ಹೀಗೆ ಕಲಿಯಲು ಮಳೆಗಾಲವೊಂದು ಹೋಯಿತು. ನನ್ನ ಹಳೆಯ ವೇಗ ಬರಲಿಲ್ಲ, ಬರುವುದೂ ಇಲ್ಲ. ಮಾಸ್ಟ್ರು ಇನ್‌ಸ್ಟಿಟ್ಯೂಟಿನ ಮೂಲೆಯಲ್ಲಿ ಒಂದು ಕಂಪ್ಯೂಟರನ್ನು ನನಗೆಂದು ಬಿಟ್ಟುಕೊಟ್ಟರು, ಮೈಮೂನ ಅದರಲ್ಲೂ ಲಿನಕ್ಸ್ ಹಾಕಿ ಎಲ್ಲವನ್ನೂ ಹಾಗೆಯೇ ಮಾಡಿಕೊಟ್ಟಳು. ಇಂಗ್ಲಿಷ್ ಕೆಲಸವೆಲ್ಲ ನನಗೆ ಬಂತು. ಕನ್ನಡದ್ದನ್ನು ಹೊಸ ಹುಡುಗಿ ಅವಳ ಕಂಪ್ಯೂಟರಿನಲ್ಲಿ ಮಾಡುತ್ತಿದ್ದಳು.

ನಾಚಿಕೆ ಮಾತ್ರ ಅಷ್ಟು ಬೇಗ ಹೋಗಲಿಲ್ಲ. ಮೇಜಿನ ಮುಂದೆ ನೆಲದವರೆಗೆ ಬಟ್ಟೆ ಇಳಿಬಿಟ್ಟಿದ್ದೆ. ಯಾರಾದರೂ ಹತ್ತಿರ ಬಂದರೆ ಸೀರೆಯ ನೆರಿಗೆ ಪಾದದ ಮೇಲೆ ಎಳೆದುಕೊಳ್ಳುತ್ತಿದ್ದೆ. ಒಮ್ಮೆ ಗಿರಾಕಿಯೊಬ್ಬರ ಎದುರು ಕರೆಂಟ್ ಹೋಗಿ ಬಂದು ಕಂಪ್ಯೂಟರ್ ಹೊಸದಾಗಿ ಶುರುವಾದಾಗ, ಬದಲಾಯಿಸಿದ್ದೆಲ್ಲ ಅಳಿಸಿಹೋಗಿತ್ತು. ನನಗೆ ಗೊತ್ತಾಗಲಿಲ್ಲ. ಕುವೈತಿಗೆ ಕಳಿಸುವ ಅರ್ಜಿಯಲ್ಲಿ ಅರ್ಥವಿಲ್ಲದ ಅಕ್ಷರಗಳು ಮೂಡಿದವು. "ಟೀಚರಿಗೆ ಟೈಪಿಂಗ್ ಬರ್ತದಲ್ವಾ?" ಎಂದು ಆತ ಮಾಸ್ಟ್ರನ್ನು ಕೇಳಿದ. ನನ್ನ ಎದುರೇ ಕೇಳಿದ. ನಾನು ಎರಡೂ ಪಾದಗಳನ್ನು ಕುರ್ಚಿಯ ಅಡಿಗೆ ಎಳೆದುಕೊಂಡೆ. ಮೈಮೂನ ಮರುದಿನವೇ ಬಂದು, ಕಂಪ್ಯೂಟರ್ ಶುರುವಾದಾಗ ಎಲ್ಲ ತಾನಾಗಿಯೇ ಬರುವಂತೆ ಮಾಡಿಕೊಟ್ಟಳು. ಆ ಗಿರಾಕಿ ಮತ್ತೆ ಬರಲಿಲ್ಲ.

ಹೀಗೆ ಕೆಲವು ವರ್ಷ ಕಳೆದ ಮೇಲೆ, ಕನ್ಯಾನದಿಂದ ಗಿರಿಜ ಎಂಬ ಹೆಂಗಸು ಮಗಳ ಪ್ರಾಜೆಕ್ಟ್ ಟೈಪ್ ಮಾಡಿಸಲು ಬಂದಳು. ಬೀಡಿ ಕಟ್ಟುವವಳು. ನಾನು ಟೈಪ್ ಮಾಡುವಾಗ ಅವಳು ಪರದೆ ನೋಡಲಿಲ್ಲ, ನನ್ನ ಬಲಗೈಯನ್ನೇ ನೋಡುತ್ತಿದ್ದಳು. ನಾನು ಎಂದಿನಂತೆ ಮುದುಡಿದ ಬೆರಳುಗಳನ್ನು ಅಂಗೈಯೊಳಗೆ ಇನ್ನಷ್ಟು ಒತ್ತಿಕೊಂಡೆ.

"ನಿಮಗೆ ಆ ಬೆರಳು ನೋಯ್ತದಾ ಅಕ್ಕ?"

"ಇಲ್ಲ. ಸುಮ್ಮನೆ ಮಡಚುವುದು."

ಅವಳು ಅತ್ತಿತ್ತ ನೋಡಿದಳು. "ನನ್ನದು ತೋರುಬೆರಳು. ಎಲೆ ಸುರುಳಿ ಮಾಡುವಾಗ ಮಾತ್ರ ಕೊಕ್ಕೆ ಆಗ್ತದೆ. ಬೇರೆ ಎಲ್ಲ ಕೆಲಸಕ್ಕೆ ಸರಿ ಉಂಟು. ಮನೆಯಲ್ಲಿ ಎಲ್ಲರೂ ಉದಾಸೀನ, ಸೋಮಾರಿತನ ಅಂತ ಹೇಳ್ತಾರೆ. ನಾನು ಡಾಕ್ಟ್ರಿಗೂ ಹೇಳ್ಲಿಲ್ಲ. ಯಾರು ನಂಬ್ತಾರೆ ಅಂತ."

ಹೊಸ ಹುಡುಗಿ ತಲೆ ಎತ್ತಿದಳು. ಬಾಗಿಲ ಬಳಿ ಇಬ್ಬರು ಗಿರಾಕಿಗಳಿದ್ದರು. ನಾನು ಗೇಮ್‌ಪ್ಯಾಡಿನಿಂದ ಪಾದಗಳನ್ನು ತೆಗೆದು, ಮೇಜಿನ ಮುಂದಿನ ಬಟ್ಟೆಯನ್ನು ಎತ್ತಿ ಮೇಲೆ ಹಾಕಿದೆ. ಗಿರಿಜಳನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿದೆ. ಬಲಗೈಯನ್ನು ಪೂರ್ತಿ ಬಿಡಿಸಿ, ಎಲ್ಲರಿಗೂ ಕಾಣುವಂತೆ, ಕೀಲಿಗಳ ಮೇಲೆ ಮೊದಲಿನ ಕ್ರಮದಲ್ಲಿಯೇ ಇಟ್ಟೆ.

"ಸರಿಯಾಗಿ ನೋಡು," ಎಂದೆ.

ಬೆರಳುಗಳು ನಿಧಾನವಾಗಿ ಒಳಗೆ ಮಡಚಿಕೊಂಡವು. ನಾನು ತಡೆಯಲಿಲ್ಲ. ಗಿರಿಜ ಬಗ್ಗಿ ನೋಡುತ್ತಾ ತನ್ನ ಸೆರಗಿನೊಳಗಿಂದ ಬಲಗೈಯನ್ನು ಹೊರಗೆ ತೆಗೆದಳು.